ಎಳೆದರೆ ಬರುವ ಬೆಲ್ಟು

ಮಗಳಿಗೆ ಹತ್ತು ತಿಂಗಳಾಗಿದ್ದಾಗ ನ್ಯೂಜೆರ್ಸಿಯಲ್ಲಿರುವ ಅಣ್ಣ ತನ್ನ ಮಗನ ಕಾರ್ ಸೀಟನ್ನು, ಅಂದರೆ ಕಾರಿನಲ್ಲಿ ಮಗುವನ್ನು ಕೂರಿಸಿ ಕಟ್ಟುವ ಪುಟ್ಟ ಆಸನವನ್ನು, ಬೆಂಗಳೂರಿಗೆ ತಂದುಕೊಟ್ಟ. ತಳದಲ್ಲಿ ಅಚ್ಚಾಗಿದ್ದ ದಿನಾಂಕ ನೋಡಿ, ಅವಧಿ ಮುಗಿದಿಲ್ಲವೆಂದು ಖಚಿತಪಡಿಸಿಕೊಂಡು, ನಮ್ಮ ಹಳೆಯ ಹ್ಯಾಚ್‌ಬ್ಯಾಕಿನ ಹಿಂದಿನ ಸೀಟಿನಲ್ಲಿ ಅದನ್ನು ಹಿಮ್ಮುಖವಾಗಿ ಇಟ್ಟೆ. ಕೈಪಿಡಿ ಹೇಳಿದಂತೆ ಬೆಲ್ಟನ್ನು ತೂರಿಸಿ, ಬಕಲ್‌ಗೆ ಸಿಕ್ಕಿಸಿ, ಮೈಭಾರವೆಲ್ಲ ಬಿಟ್ಟು ಬಿಗಿಮಾಡಿದೆ. ಕನಕಪುರ ರಸ್ತೆಯಲ್ಲಿ ನಾಲ್ಕು ಹಂಪು ದಾಟುವಷ್ಟರಲ್ಲಿ ಸೀಟು ಬಾಗಿಲ ಕಡೆಗೆ ವಾಲಿತ್ತು.

ಅಣ್ಣನಿಗೆ ಫೋನ್ ಮಾಡಿದರೆ, “ಬೆಲ್ಟು ಪೂರ್ತಿ ಈಚೆಗೆ ಎಳೆದು ಬಿಡೇ, ಒಳಗೆ ಹೋಗುವಾಗ ಟಿಕ್‌ಟಿಕ್ ಅನ್ನತ್ತೆ, ಆಮೇಲೆ ಅಲ್ಲಾಡಲ್ಲ” ಎಂದ. ಕೊನೆಯವರೆಗೂ ಎಳೆದು ಬಿಟ್ಟೆ. ನಮ್ಮ ಬೆಲ್ಟು ಸದ್ದಿಲ್ಲದೆ ಒಳಗೆ ಹೋಯಿತು.

ವ್ಯತ್ಯಾಸವಿರುವುದು ಅಲ್ಲಿಯೇ. ನಮ್ಮ ಕಾರಿನ ಬೆಲ್ಟನ್ನು ಮೆಲ್ಲಗೆ ಎಳೆದರೆ ಬರುತ್ತಲೇ ಇರುತ್ತದೆ. ಥಟ್ಟನೆ ಜಗ್ಗಿದಾಗ, ಇಲ್ಲವೇ ಕಾರು ಹಠಾತ್ತನೆ ನಿಂತಾಗ ಮಾತ್ರ ಸುರುಳಿ ಹಿಡಿದುಕೊಳ್ಳುತ್ತದೆ. ದೊಡ್ಡವರಿಗೆ ಇದು ಅನುಕೂಲ, ಮಗುವಿನ ಸೀಟಿಗೆ ಸಾಲದು, ಏಕೆಂದರೆ ಪ್ರತಿ ತಿರುವಿನಲ್ಲೂ ಬೆಲ್ಟು ಸ್ವಲ್ಪ ಸ್ವಲ್ಪವೇ ಸಡಿಲಗೊಳ್ಳುತ್ತದೆ. ಅಮೆರಿಕದಲ್ಲಾದರೋ 1996ರ ಮಾದರಿಯಿಂದ ಈಚಿನ ಕಾರುಗಳಲ್ಲಿ, ಮಗುವಿನ ಸೀಟನ್ನು ಬಿಗಿಯಲೆಂದೇ, ಪ್ರಯಾಣಿಕರ ಬೆಲ್ಟು ಲಾಕ್ ಆಗಿ ನಿಲ್ಲುವ ಏರ್ಪಾಡು ಇರಬೇಕೆಂಬ ನಿಯಮವಿದೆ. ಅಣ್ಣನ ಸೀಟು ಅಂಥ ಬೆಲ್ಟನ್ನು ನಂಬಿ ತಯಾರಾದದ್ದು.

ಪುಣ್ಯಕ್ಕೆ ಸೀಟಿನ ತಳದಲ್ಲಿ ಇಂಗ್ಲಿಷ್ ‘ಎಚ್’ ಅಕ್ಷರದಂಥ ಒಂದು ಲೋಹದ ಕ್ಲಿಪ್ ಸಿಕ್ಕಿಸಿತ್ತು. ಬೆಲ್ಟನ್ನು ಬಿಗಿ ಮಾಡಿ, ಬಕಲ್‌ಗೆ ಹೋಗುವ ನಾಲಗೆಯ ಪಕ್ಕದಲ್ಲಿ, ಸೊಂಟದ ಪಟ್ಟಿ ಮತ್ತು ಭುಜದ ಪಟ್ಟಿ ಎರಡನ್ನೂ ಜೊತೆಗೆ ಹಿಡಿದು ಅದನ್ನು ತೊಡಿಸಬೇಕು. ಮೂರು ಸಲ ಬಿಚ್ಚಿ ಕಟ್ಟಿ, ಎರಡು ಉಗುರು ಮುರಿದುಕೊಂಡ ಮೇಲೆ ಸೀಟು ನಿಂತಿತು. ಬೆಲ್ಟು ಹಾದುಹೋಗುವ ಜಾಗದಲ್ಲಿ ಹಿಡಿದು ಅಲ್ಲಾಡಿಸಿದಾಗ ಸೀಟು ಒಂದು ಅಂಗುಲಕ್ಕಿಂತ ಹೆಚ್ಚು ಸರಿಯಬಾರದು. ತುದಿಯನ್ನು ಹಿಡಿದು ಅಲ್ಲಾಡಿಸಿ ಗಾಬರಿಯಾಗುವುದರಲ್ಲಿ ಅರ್ಥವಿಲ್ಲ.

ಮೈಸೂರಿನಲ್ಲಿ ಮಾವನವರ ಹಳೆಯ ಕಾರಿನ ಹಿಂದಿನ ಸೀಟಿನ ನಡುವೆ ಇರುವುದು ಬರೀ ಸೊಂಟದ ಪಟ್ಟಿ. ಅದನ್ನು ನೋಡಿ ಮೂಗು ಮುರಿದಿದ್ದೆ. ಆದರೆ ಬಾಲ ಎಳೆದು ಬಿಗಿಯುವ ಆ ಪಟ್ಟಿ ಸೀಟನ್ನು ಎಲ್ಲಕ್ಕಿಂತ ಗಟ್ಟಿಯಾಗಿ ಹಿಡಿಯಿತು. ಮಗುವನ್ನು ಕಟ್ಟಲು ಸೀಟಿಗೆ ಅದರದೇ ಹಾರ್ನೆಸ್ (ಪಟ್ಟಿಗಳ ಕಟ್ಟು) ಇದ್ದುದರಿಂದ ಇದು ಸಾಧ್ಯವಾಯಿತು. ದೊಡ್ಡ ಮಕ್ಕಳನ್ನು ಎತ್ತರಿಸಿ ಕೂರಿಸುವ ಬೂಸ್ಟರ್ ಸೀಟಿಗಾದರೆ ಭುಜದ ಪಟ್ಟಿ ಬೇಕೇ ಬೇಕು.

ಮೈದುನನ ಹೊಸ ಕಾರಿನಲ್ಲಿ, ಮಗುವಿನ ಸೀಟನ್ನು ಬೆಲ್ಟಿಲ್ಲದೆ ಸಿಕ್ಕಿಸಲೆಂದೇ ಇರುವ ಐಸೊಫಿಕ್ಸ್ ಕಂಬಿಗಳಿದ್ದವು. ಅಣ್ಣನ ಸೀಟಿನ ಕೊಕ್ಕೆಗಳು ಅವುಗಳಿಗೆ ಸಿಕ್ಕಿಕೊಂಡವು, ಎರಡು ನಿಮಿಷದಲ್ಲಿ ಕೆಲಸ ಮುಗಿಯಿತು. ಮುಂದಿನ ಸೀಟಿನಲ್ಲೇ ಇಡೋಣ, ಮಗು ಕಣ್ಣಿಗೆ ಬೀಳುತ್ತಿರುತ್ತದೆ ಎಂದು ಅವನು ಹೇಳಿದಾಗ ಮಾತ್ರ ನಾನು ಒಪ್ಪಲಿಲ್ಲ, ಹಿಮ್ಮುಖದ ಸೀಟಿನ ಬೆನ್ನಿಗೆ ಏರ್‌ಬ್ಯಾಗ್ ಬಡಿದರೆ ಆ ಪೆಟ್ಟು ಬೀಳುವುದು ಮಗುವಿನ ತಲೆಗೆ.

ಸೀಟನ್ನು ಇಳಿಸಿದ ದಿನ ಕ್ಲಿಪ್ಪನ್ನು ಬಿಚ್ಚಿ ಅದರ ಗೂಡಿಗೇ ಸೇರಿಸುತ್ತೇನೆ. ಅದು ಇರುವ ಬೆಲ್ಟನ್ನು ದೊಡ್ಡವರು ಹಾಕಿಕೊಳ್ಳುವಂತಿಲ್ಲ, ಅತ್ತೆಯವರು ಕೂರುವುದು ಆ ಜಾಗದಲ್ಲಿಯೇ.