ಮೆಣಸು ಹೋಗಿ ಸೇರುತ್ತಿದ್ದ ಊರು

ಮೆಣಸಿನ ಕೊಯ್ಲು ಮುಗಿದು, ಮಳೆಗಾಲ ಹಿಡಿಯುವ ಮೊದಲು ಸಿಗುವ ಬಿಡುವಿನಲ್ಲಿ, ತೀರ್ಥಹಳ್ಳಿಯಲ್ಲಿ ಜೀನಸಿನ ಅಂಗಡಿ ನಡೆಸುವ ಗೆಳೆಯನ ಜೊತೆ ಕೊಚ್ಚಿಗೆ ಹೋಗಿದ್ದೆ. ಆಗುಂಬೆ ಘಾಟಿ ಇಳಿದು, ಉಡುಪಿಯಲ್ಲಿ ರೈಲು ಹತ್ತಿ, ಎರ್ನಾಕುಲಂನಿಂದ ಬೋಟಿನಲ್ಲಿ ಹಳೆಯ ಬಂದರಿನ ಕಡೆಗೆ ಸಾಗಿದೆವು. ಕಾಳುಮೆಣಸು ಬೆಳೆಯುವವನಾದ ನನಗೆ ಆ ಊರಿನ ಮೇಲೆ ಬೇರೆಯೇ ಒಂದು ಕುತೂಹಲವಿತ್ತು.

ಫೋರ್ಟ್ ಕೊಚ್ಚಿಯಲ್ಲಿ ಎಲ್ಲರೂ ನೋಡುವುದನ್ನೇ ನಾವೂ ನೋಡಿದೆವು. ಕಲ್ಲುಗಳ ಭಾರದಿಂದ ಏರಿಳಿಯುವ ಚೀನೀ ಬಲೆಗಳು ಈಗ ಮೀನಿಗಿಂತ ಹೆಚ್ಚಾಗಿ ಛಾಯಾಚಿತ್ರಕ್ಕೆ ಒದಗುತ್ತವೆ ಎನ್ನಿಸಿತು. 1524ರಲ್ಲಿ ಇದೇ ಊರಿನಲ್ಲಿ ತೀರಿಕೊಂಡ ವಾಸ್ಕೋ ಡ ಗಾಮನನ್ನು ಮೊದಲು ಹೂಳಿದ್ದ ಜಾಗ ಸೇಂಟ್ ಫ್ರಾನ್ಸಿಸ್ ಚರ್ಚಿನಲ್ಲಿದೆ. ಅವನ ಅಸ್ಥಿ ಮಾತ್ರ ಆಮೇಲೆ ಪೋರ್ಚುಗಲ್ಲಿಗೆ ಹೋಯಿತು. ಮೆಣಸಿಗಾಗಿ ಅಷ್ಟು ದೂರ ಬಂದವನ ಸಮಾಧಿಕಲ್ಲಿನ ಮುಂದೆ ಮೆಣಸು ಬೆಳೆಯುವವನೊಬ್ಬ ನಿಂತಾಗ ಭಕ್ತಿಯೇನೂ ಹುಟ್ಟಲಿಲ್ಲ.

ನನ್ನ ಮನಸ್ಸು ನೆಟ್ಟಿದ್ದು ಮಟ್ಟಾಂಚೇರಿಯಲ್ಲಿ. ಅಲ್ಲಿನ ಬಜಾರ್ ರಸ್ತೆಯ ಗೋದಾಮುಗಳ ಮುಂಬಾಗಿಲು ಬೀದಿಗಿದ್ದರೆ ಹಿಂಬಾಗಿಲು ಹಿನ್ನೀರಿಗಿದೆ. ನಡುವೆ ಶುಂಠಿ, ಮೆಣಸು ಒಣಗಿಸುವ ಅಂಗಳ. ದೋಣಿಯಲ್ಲಿ ಬಂದ ಸರಕು ಹಿಂದಿನಿಂದ ಒಳಗೆ ಬಂದು, ತೂಕವಾಗಿ, ವ್ಯಾಪಾರ ಮುಗಿಸಿಕೊಂಡು ಹೊರಡುವುದಕ್ಕೆ ಬೇಕಾದ ಹಾಗೆಯೇ ಕಟ್ಟಿದ್ದಾರೆ. 1568ರಲ್ಲಿ ಕಟ್ಟಿದ ಯಹೂದಿಗಳ ಪ್ರಾರ್ಥನಾ ಮಂದಿರ, ಪರದೇಶಿ ಸಿನಗಾಗ್, ಇಲ್ಲಿಂದ ದೂರವಿಲ್ಲ. ಅದರ ನೆಲಕ್ಕೆ ಹಾಸಿರುವ ನೀಲಿ-ಬಿಳಿ ಚೀನೀ ಹಂಚುಗಳ ಮೇಲೆ ಚಪ್ಪಲಿ ಬಿಟ್ಟು ನಡೆಯಬೇಕು. ಕೈಯಿಂದ ಬರೆದ ಚಿತ್ರಗಳಾದ್ದರಿಂದ ಒಂದು ಹಂಚಿನಂತೆ ಇನ್ನೊಂದಿಲ್ಲ. ಆ ಬೀದಿಯ ಯಹೂದಿ ಮನೆಗಳಲ್ಲಿ ಈಗ ಹಳೆಯ ಸಾಮಾನು ಮಾರುವ ಅಂಗಡಿಗಳೇ ಹೆಚ್ಚು.

ಇಷ್ಟೆಲ್ಲ ಹೇಗೆ ಉಳಿಯಿತು ಎಂದು ನಾವಿಬ್ಬರೂ ಬಹಳ ಹೊತ್ತು ಚರ್ಚಿಸಿದೆವು. ಭಕ್ತಿ, ಕಾನೂನು, ಪ್ರವಾಸೋದ್ಯಮ ಇವೆಲ್ಲದರ ಪಾಲೂ ಇರಬಹುದು. ಆದರೆ ಮುಖ್ಯ ಕಾರಣ ಹಡಗುಗಳು ಎದುರಿನ ದಡಕ್ಕೆ ಹೋದದ್ದು ಎಂದೇ ನನ್ನ ಅಭಿಪ್ರಾಯ. ರಾಬರ್ಟ್ ಬ್ರಿಸ್ಟೊ ಎಂಬ ಎಂಜಿನಿಯರನ ಮುಂದಾಳುತನದಲ್ಲಿ 1920ರ ದಶಕದಿಂದ ಹೂಳೆತ್ತಿ, ಆ ಮಣ್ಣಿನಿಂದಲೇ ವಿಲಿಂಗ್ಡನ್ ದ್ವೀಪವನ್ನು ಕಟ್ಟಿ ಹೊಸ ಬಂದರು ಮಾಡಿದರು. ದೊಡ್ಡ ಹಡಗು, ಕ್ರೇನು, ರೈಲು ಎಲ್ಲವೂ ಅಲ್ಲಿಗೆ ಹೋದ ಮೇಲೆ ಮಟ್ಟಾಂಚೇರಿಯನ್ನು ಕೆಡವಿ ಅಗಲ ಮಾಡುವ ಅಗತ್ಯವೇ ಬೀಳಲಿಲ್ಲ.

ನಮ್ಮ ಮೆಣಸು ಎತ್ತುಗಳ ಮೇಲೆ ಘಟ್ಟ ಇಳಿದು ಸೇರುತ್ತಿದ್ದ, ಕುಂದಾಪುರದ ಹತ್ತಿರದ ಬಸ್ರೂರಿಗೆ ಆ ಅದೃಷ್ಟವಿರಲಿಲ್ಲ. ಕೆಳದಿ ಅರಸರ ಕಾಲದಲ್ಲಿ, 1665ರಲ್ಲಿ, ಶಿವಾಜಿಯೇ ಹಡಗುಗಳೊಂದಿಗೆ ಬಂದು ಲೂಟಿ ಮಾಡುವಷ್ಟು ಶ್ರೀಮಂತವಾಗಿದ್ದ ಬಂದರು ಅದು. ಇಂದು ಅಲ್ಲಿ ದೇವಸ್ಥಾನಗಳಿವೆ, ಶಾಸನಗಳಿವೆ, ಹೊಳೆಯಿದೆ. ವ್ಯಾಪಾರ ನಡೆದ ಬೀದಿಯನ್ನು ಮಾತ್ರ ಊಹಿಸಿಕೊಳ್ಳಬೇಕು.

ಬಜಾರ್ ರಸ್ತೆಯಲ್ಲಿ ಇನ್ನೂ ಮೆಣಸಿನ ವ್ಯಾಪಾರ ನಡೆಸುತ್ತಿದ್ದ ಒಂದು ಗೋದಾಮಿಗೆ ಹೊಕ್ಕೆವು. ಗೋವೆಯಿಂದ ವಲಸೆ ಬಂದ ಕೊಂಕಣಿಗರು ಮಟ್ಟಾಂಚೇರಿಯಲ್ಲಿ ಶತಮಾನಗಳಿಂದ ನೆಲೆಸಿದ್ದಾರೆ. ಗೆಳೆಯನ ಮನೆಮಾತೂ ಕೊಂಕಣಿ. ಅವನು ಆ ಹಿರಿಯ ವ್ಯಾಪಾರಿಯನ್ನು "ಮಾಮ" ಎಂದು ಕರೆದದ್ದೇ ತಡ, ಕುಳಿತುಕೊಳ್ಳಲು ಸ್ಟೂಲು ಬಂತು, ಚಹಾ ಬಂತು. ಚೀಲದಲ್ಲಿದ್ದ ನಮ್ಮ ತೋಟದ ಮೆಣಸಿನ ಪೊಟ್ಟಣವನ್ನು ನಾನು ಬಿಚ್ಚಿದೆ. ಅವರು ಒಂದು ಹಿಡಿಯನ್ನು ಅಂಗೈಗೆ ಹಾಕಿಕೊಂಡು, ಇನ್ನೊಂದು ಅಂಗೈಯಿಂದ ಉಜ್ಜಿ, ಮೆಲ್ಲಗೆ ಊದಿದರು. ಜೊಳ್ಳು ಹಾರಿ ನೆಲಕ್ಕೆ ಬಿತ್ತು. ಉಳಿದದ್ದರಲ್ಲಿ ಒಂದು ಕಾಳನ್ನು ಹಲ್ಲಿನಲ್ಲಿ ಕಟಕ್ಕೆಂದು ಒಡೆದು, ಒಣಗಿರುವುದು ಸರಿಯಾಗಿದೆ, ಆದರೆ ಕರೆಯಲ್ಲಿ, ಅಂದರೆ ಮೆಣಸಿನ ಗೊಂಚಲಿನಲ್ಲಿ, ಒಂದೆರಡು ಕಾಳು ಕೆಂಪಾಗುವ ತನಕ ಕಾಯದೆ ಕೊಯ್ದಿದ್ದೀರಿ, ಲೀಟರ್ ತೂಕ (ಒಂದು ಲೀಟರ್ ಅಳತೆಯ ಕಾಳಿನ ತೂಕ) ಬರುವುದಿಲ್ಲ ಎಂದರು. ಕೊಯ್ಲಿಗೆ ಆಳು ಸಿಕ್ಕಿದ ದಿನವೇ ನಮಗೆ ಮೆಣಸು ಹಣ್ಣಾದ ದಿನ ಎಂದು ಗೆಳೆಯ ನನ್ನ ಪರವಾಗಿ ವಾದಿಸಿದ. ಅವರು ನಕ್ಕು, ವಯನಾಡಿನವರೂ ಇದನ್ನೇ ಹೇಳುತ್ತಾರೆ ಎಂದು ದರ ಹೇಳಿದರು. ಅದು ನಮ್ಮ ಕಡೆಯ ದರಕ್ಕಿಂತ ಹೆಚ್ಚೇನೂ ಇರಲಿಲ್ಲ.