ದೊಡ್ಡ ಪಾತ್ರೆಗೆ ಸಾಲುವಷ್ಟು ಯೀಸ್ಟ್

ಅಮೆರಿಕದಲ್ಲಿ ಕಾನೂನಿನ ಮಿತಿಯೊಳಗೆ ಮನೆಯಲ್ಲೇ ಬಿಯರ್ ತಯಾರಿಸುವ ನನ್ನ ತಂಗಿಯ ಮಗ, ಈ ಸಲ 20 ಲೀಟರಿನ ಬದಲು 40 ಲೀಟರ್ ಮಾಡಹೊರಟು, "ಮಾಮಾ, ಯೀಸ್ಟ್ ಎಷ್ಟು ಹಾಕಲಿ?" ಎಂದು ಧಾರವಾಡಕ್ಕೆ ಫೋನ್ ಮಾಡಿದ್ದ. ಸೂಕ್ಷ್ಮಜೀವಿಶಾಸ್ತ್ರದ ಪಾಠ ಹೇಳಿದ ನನಗೆ ಈ ಪ್ರಶ್ನೆ ಬಹಳ ಹಿಡಿಸಿತು.

ಏಲ್ ಬಗೆಯ (ಬೆಚ್ಚಗಿನ ಉಷ್ಣತೆಯಲ್ಲಿ ಹುದುಗುವ) ಬಿಯರಿಗೆ ಪ್ರತಿ ಮಿಲಿಲೀಟರಿಗೆ, ಪ್ರತಿ ಡಿಗ್ರಿ ಪ್ಲೇಟೋಗೆ (ರಸದಲ್ಲಿ ಕರಗಿರುವ ಸಕ್ಕರೆ ಅಂಶದ ಅಳತೆ) ಸುಮಾರು 7.5 ಲಕ್ಷ ಜೀವಕೋಶಗಳು ಬೇಕೆಂಬುದು ರೂಢಿಯ ಲೆಕ್ಕ. ಆ ಪ್ರಕಾರ 12 ಡಿಗ್ರಿ ಪ್ಲೇಟೋದ 40 ಲೀಟರ್ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಧಾನ್ಯ) ರಸಕ್ಕೆ 36,000 ಕೋಟಿ ಕೋಶಗಳು ಬೇಕು. ತಂಪಿನಲ್ಲಿ ಹುದುಗುವ ಲಾಗರ್ ಬಿಯರ್ ಆದರೆ ಇದರ ಇಮ್ಮಡಿ. ನಮ್ಮಲ್ಲಿ ಮದುವೆಮನೆಯ ಹಂಡೆ ಹಾಲಿಗೆ ಒಂದೇ ಚಮಚ ಹೆಪ್ಪು ಹಾಕಿದರೆ ಮೊಸರು ಹೊತ್ತಿಗೆ ಸರಿಯಾಗಿ ಗಟ್ಟಿಯಾಗದಿರುವಂತೆಯೇ, ಯೀಸ್ಟ್ ಕಡಿಮೆಯಾದರೆ ಹುದುಗುವಿಕೆ ತಡವಾಗಿ ಆರಂಭವಾಗುತ್ತದೆ, ಆ ಅವಧಿಯಲ್ಲಿ ಬೇಡದ ಬ್ಯಾಕ್ಟೀರಿಯಾ ಬೇರೂರುವ ಅಪಾಯವೂ ಇರುತ್ತದೆ.

ಆದ್ದರಿಂದ ದ್ರವ ಯೀಸ್ಟನ್ನು ಮೊದಲೇ ಬೆಳೆಸಬೇಕು. ಲೀಟರ್ ನೀರಿಗೆ 100 ಗ್ರಾಂ ಒಣ ಮಾಲ್ಟ್ ಪುಡಿ ಬೆರೆಸಿ, ಕುದಿಸಿ, ಸುಮಾರು 22 ಡಿಗ್ರಿ ಸೆಲ್ಸಿಯಸ್‌ಗೆ ತಣಿಸಿದ ಮೇಲೆ ಯೀಸ್ಟ್ ಸೇರಿಸಿ, ಗಾಳಿ ಬೆರೆಯುವಂತೆ ಆಗಾಗ ಅಲುಗಿಸುತ್ತ ಒಂದೆರಡು ದಿನ ಬಿಡಬೇಕು. ನಂತರ ಫ್ರಿಜ್ಜಿನಲ್ಲಿಟ್ಟು, ಮೇಲಿನ ತಿಳಿ ಬಸಿದು, ತಳದ ಗಷ್ಟಿಗೆ ಮತ್ತೆ ಹೊಸ ರಸ ಹಾಕಬೇಕು. ಕುದಿಸಿದ ಮೇಲೆ ಮುಟ್ಟುವ ಪ್ರತಿ ಪಾತ್ರೆಯೂ ನಿರ್ಜಂತುಕವಾಗಿರಬೇಕೆಂದು ಅವನಿಗೆ ಮೂರು ಸಲ ಹೇಳಿದೆ. ಒಣ ಯೀಸ್ಟಿಗೆ ಈ ಶ್ರಮವಿಲ್ಲ, ಪೊಟ್ಟಣಗಳನ್ನು ಹೆಚ್ಚಿಸಿದರೆ ಸಾಕು.