ನಿಮಗೆ ಏನು ಹೇಳ್ಲಿ ಅಕ್ಕಾ?

ಭಾನುವಾರ ಆ ಹುಡುಗ ಕೇಳಿದ ಮಾತು ಇನ್ನೂ ಕಿವಿಯಲ್ಲೇ ಇದೆ.

ಮಗಳ ಹುಟ್ಟುಹಬ್ಬಕ್ಕೆ ಹುಡುಗರ ಆಶ್ರಮದಲ್ಲಿ ಮಧ್ಯಾಹ್ನದ ಊಟ ಕೊಟ್ಟಿದ್ದೆವು. ಊಟ ಮುಗಿದಿತ್ತು. ಜಗಲಿಯ ಮೂಲೆಯಲ್ಲಿ ಒಬ್ಬ ಲೆಕ್ಕದ ಪುಸ್ತಕ ಹಿಡಿದು ಕೂತಿದ್ದ. ಹತ್ತು ಹನ್ನೊಂದು ವರ್ಷ ಇರಬಹುದು. ಪಕ್ಕ ಕೂತು, ಎಲ್ಲರೂ ಕೇಳುವುದನ್ನೇ ಕೇಳಿದೆ. "ದೊಡ್ಡವನಾದ ಮೇಲೆ ಏನಾಗ್ತೀಯಾ ಪುಟ್ಟಾ?"

ಸ್ವಲ್ಪ ಯೋಚಿಸಿದ. "ಹೋದ ವಾರ ಬಂದಿದ್ದವರಿಗೆ ಪೊಲೀಸ್ ಅಂದಿದ್ದೆ. ಅದಕ್ಕೂ ಮುಂಚೆ ಬಂದವರಿಗೆ ಡಾಕ್ಟರ್. ನಿಮಗೆ ಏನು ಹೇಳ್ಲಿ ಅಕ್ಕಾ?"

ಆ ದನಿಯಲ್ಲಿ ಕೊಂಕಿರಲಿಲ್ಲ. ಮನೆಗೆ ಬಂದವರನ್ನು ಕಾಫಿನಾ ಟೀನಾ ಅಂತ ಕೇಳುತ್ತೇವಲ್ಲ, ಹಾಗೆ ಕೇಳಿದ. ನನಗೆ ಬಾಯಿಯೇ ಬರಲಿಲ್ಲ.

ನಿಮಗೆ ಏನು ಹೇಳ್ಲಿ. ಅಂದರೆ ಊಟ ತಂದವರಿಗೆ ಒಂದು ಉತ್ತರ ಕೊಡಬೇಕು ಅಂತ ಅವನಿಗೆ ಅರ್ಥವಾಗಿಬಿಟ್ಟಿದೆ. ಯಾರೂ ಹೇಳಿಕೊಟ್ಟಿರಲಿಕ್ಕಿಲ್ಲ. ನಮ್ಮಂಥವರನ್ನು ನೋಡಿ ನೋಡಿ ಕಲಿತಿದ್ದಾನೆ. ಅವತ್ತೇ ಇನ್ನೊಂದು ಕುಟುಂಬವೂ ಬಂದಿತ್ತು. ವಿಡಿಯೋ ಸರಿ ಬರಲಿಲ್ಲ ಅಂತ ಮಕ್ಕಳ ಕೈಲಿ ಎರಡೆರಡು ಸಲ ಚಪ್ಪಾಳೆ ಹೊಡೆಸಿದರು. ನನಗೆ ಸಿಟ್ಟು ಬಂತು. ಆದರೆ ನಾನು ಕೇಳಿದ ಪ್ರಶ್ನೆಯೂ ಅದೇ ಜಾತಿಯದು, ಅಲ್ವಾ?

ರಾತ್ರಿ ಅಪ್ಪನಿಗೆ ಫೋನ್ ಮಾಡಿ ಹೇಳಿದೆ. ಅಪ್ಪ ಓದಿದ್ದು ತುಮಕೂರಿನ ಸಿದ್ಧಗಂಗಾ ಮಠದಲ್ಲಿದ್ದುಕೊಂಡು, 1970ರ ದಶಕದಲ್ಲಿ. ಅನ್ನ, ಅಕ್ಷರ, ಆಶ್ರಯ ಮೂರೂ ಅಲ್ಲೇ. 2019ರ ಜನವರಿ 21ರಂದು ಶಿವಕುಮಾರ ಸ್ವಾಮೀಜಿ ತೀರಿಕೊಂಡಾಗ ಅಪ್ಪ ಇಡೀ ದಿನ ಟಿವಿ ಮುಂದಿನಿಂದ ಎದ್ದಿರಲಿಲ್ಲ. ಅವರಿಗೆ 111 ವರ್ಷ ಅಂತ ಎಲ್ಲರೂ ಹೇಳುತ್ತಿದ್ದರೆ, ಅಪ್ಪ ಹೆತ್ತವರನ್ನು ಕಳೆದುಕೊಂಡವರ ಹಾಗೆ ಅತ್ತಿದ್ದರು.

ನನ್ನ ಮಾತು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅಂದರು, "ಊರೂರಿನ ರೈತರು ರಾಗಿ, ಅಕ್ಕಿ, ಬೇಳೆ ತಂದು ಮಠಕ್ಕೆ ಕೊಡ್ತಿದ್ರು. ನಾವು ಸಾಲಾಗಿ ಕೂತು ಉಣ್ತಿದ್ವಿ. ಯಾರು ಕೊಟ್ಟ ರಾಗಿ ಅಂತ ನಮಗೆ ಗೊತ್ತೇ ಇರ್ತಿರಲಿಲ್ಲ ಮಗಾ."

ಗೊತ್ತಿಲ್ಲದೆ ಇದ್ದದ್ದೇ ಎಷ್ಟು ಹಗುರ ಅನ್ನಿಸಿತು. ಅಪ್ಪ ಯಾರ ಮುಂದೆಯೂ ನಿಂತು ಪೊಲೀಸ್ ಆಗ್ತೀನಿ ಅನ್ನಬೇಕಾಗಿರಲಿಲ್ಲ.

ನಾವು ಸುಮ್ನೆ ಕೇಳುವ ಈ ಪ್ರಶ್ನೆ ಅಂಥ ಹುಡುಗರಿಗೆ ನಿಜವಾಗಿ ಎದುರಾಗುವುದು 18 ತುಂಬಿದಾಗ. ಆಗ ಆಶ್ರಮ ಬಿಡಬೇಕು. 2015ರ ಬಾಲನ್ಯಾಯ ಕಾಯ್ದೆಯಲ್ಲಿ 21ರವರೆಗೆ ನೆರವು ಕೊಡಲು ಅವಕಾಶವಿದೆ. ಆದರೆ ಬಾಡಿಗೆ ರೂಮು, ಕಾಲೇಜು ಫೀಸು, ಜ್ವರ ಬಂದರೆ ನೋಡಿಕೊಳ್ಳುವವರು? ಆ ವಯಸ್ಸಿನ ಹುಡುಗನ ಹೆಸರಲ್ಲಿ ಯಾರೂ ಹುಟ್ಟುಹಬ್ಬದ ಊಟ ಹಾಕಿಸುವುದಿಲ್ಲ. ಮೀಸೆ ಬಂದ ಹುಡುಗರ ಕಡೆ ನಮ್ಮ ಕರುಣೆ ಜಾಸ್ತಿ ಹರಿಯುವುದಿಲ್ಲ. ಇದು ನನ್ನನ್ನು ಈ ವಾರವೆಲ್ಲ ಕೊರೆಯುತ್ತಿದೆ.

ನಿನ್ನೆ ವಾರ್ಡನ್‌ಗೆ ಫೋನ್ ಮಾಡಿದೆ. ತುಂಬಾ ಒಳ್ಳೆಯ ಮನುಷ್ಯ, ಮಾತು ಮಾತ್ರ ನೇರ. ಏನು ಬೇಕು ಸಾರ್ ಅಂದೆ. "ಭಾನುವಾರದ ಸಿಹಿ ಸಾಕಷ್ಟಿದೆ ಮೇಡಂ. ಲೆಕ್ಕ ಹೇಳಿಕೊಡೋರು ಬೇಕು. ಒಂದು ಸಲ ಬಂದು ನಿಲ್ಲಿಸೋದಾದ್ರೆ ಬೇಡ. ಪರೀಕ್ಷೆ ಮುಗಿಯೋ ತನಕ ಬರ್ತೀರಾ?"

ಬರ್ತೀನಿ ಅಂದಿದ್ದೇನೆ. ಬುಧವಾರ ಸಂಜೆ 5 ಗಂಟೆಗೆ. ಅವತ್ತು ಆ ಹುಡುಗನ ತೊಡೆ ಮೇಲೆ ತೆರೆದಿದ್ದದ್ದು ಭಿನ್ನರಾಶಿಯ ಪಾಠ. ಮಗಳ ಪುಸ್ತಕದಲ್ಲಿ ಅದನ್ನೇ ತೆಗೆದು ಓದುತ್ತಾ ಕೂತಿದ್ದೇನೆ.